ಆರು ಗಂಟೆಯ ಅಳತೆ

ನನ್ನ ಸೋದರತ್ತೆಯನ್ನು ಬಸ್ಸಿನ ಕಂಡಕ್ಟರ್ ಇಪ್ಪತ್ತು ವರ್ಷ 'ಟೀಚರ್' ಎಂದೇ ಕರೆದ. ಅವಳ ಬೆರಳ ತುದಿಗೆ ಯಾವಾಗಲೂ ಸೀಮೆಸುಣ್ಣ ಮೆತ್ತಿಕೊಂಡಿರುತ್ತಿತ್ತು, ಕೈಚೀಲದಲ್ಲಿ ಒಂದು ನೋಟ್‌ಬುಕ್ ಇರುತ್ತಿತ್ತು, ಮುಖದಲ್ಲಿ ಯಾರನ್ನು ಬೇಕಾದರೂ ಬೆಂಚಿನ ಮೇಲೆ ನಿಲ್ಲಿಸುವ ಗತ್ತಿತ್ತು. ಹಾಗಾಗಿ ಅವನದೇನೂ ತಪ್ಪಿಲ್ಲ. ಅತ್ತೆಯೂ ಅವನನ್ನು ತಿದ್ದಲು ಹೋಗಲಿಲ್ಲ. ಯಾಕೆ ಎಂದು ಕೇಳಿದರೆ, "ನಿಜ ಹೇಳ್ಬೇಕು ಅಂದ್ರೆ ಮೂರು ಸ್ಟಾಪ್ ಬೇಕು ಕಣೇ. ಟೀಚರ್ ಅಂದ್ರೆ ಒಂದೇ ಮಾತಲ್ಲಿ ಮುಗೀತು" ಅನ್ನುತ್ತಿದ್ದಳು.

ನಿಜ ಏನೆಂದರೆ, ಅವಳು ನೀರಿನ ಆಳ ಅಳೆಯುತ್ತಿದ್ದಳು. ಪ್ರತಿದಿನ ಬೆಳಿಗ್ಗೆ ಆರು ಗಂಟೆಗೆ, ಒಂದೇ ಜಾಗದಲ್ಲಿ, ಒಂದೇ ಬಾವಿಯಲ್ಲಿ. ಬಾವಿ ಎಂದರೆ ಕಟ್ಟೆಯ ಮೇಲಿಂದ ಇಣುಕಿ ನೋಡುವ ಬಾವಿ ಎಂದುಕೊಳ್ಳಬೇಡಿ. ನೆಲದಿಂದ ಮೊಣಕಾಲೆತ್ತರಕ್ಕೆ ಎದ್ದು ನಿಂತ, ತೋಳು ದಪ್ಪದ ಕಬ್ಬಿಣದ ಕೊಳವೆ. ಅದಕ್ಕೊಂದು ಮುಚ್ಚಳ, ಮುಚ್ಚಳಕ್ಕೊಂದು ಬೀಗ. ಅತ್ತೆ ಬೀಗ ತೆಗೆದು, ಉಕ್ಕಿನ ಟೇಪಿನ ತುದಿಗೆ ಸೀಮೆಸುಣ್ಣ ಉಜ್ಜಿ, ರಾಟೆ ತಿರುಗಿಸಿ ಅದನ್ನು ಒಳಗೆ ಇಳಿಬಿಡುತ್ತಿದ್ದಳು. ಮೇಲೆತ್ತಿದಾಗ ಸುಣ್ಣ ಎಲ್ಲಿಯವರೆಗೆ ಒದ್ದೆಯಾಗಿದೆ ನೋಡಿ, ಒಂದು ಕಳೆಯುವ ಲೆಕ್ಕ ಮಾಡಿದರೆ ಆಯಿತು. ಬಂದ ಅಂಕಿಯನ್ನು ತಿಂಗಳ ಹಾಳೆಯಲ್ಲಿ ಆ ದಿನದ ಚೌಕಕ್ಕೆ ತುಂಬಬೇಕು. ಅಂಕಿ ದೊಡ್ಡದಾದರೆ ನೀರು ಕೆಳಗಿಳಿದಿದೆ ಎಂದರ್ಥ, ಚಿಕ್ಕದಾದರೆ ಮೇಲೆ ಬಂದಿದೆ ಎಂದರ್ಥ. ಇಷ್ಟು ಕೆಲಸಕ್ಕೆ ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷ ನನ್ನ ಅತ್ತೆಯ ಇಡೀ ಆಯುಸ್ಸನ್ನು ತಿಂದುಹಾಕಿತು.

ಅಲ್ಲಿನ ಹೊಳೆಯಲ್ಲಿ ವರ್ಷಕ್ಕೆ ಹತ್ತು ದಿನ ನೀರು ಹರಿದರೆ ಹೆಚ್ಚು. ಉಳಿದ ದಿನವೆಲ್ಲ ಅದು ಬರೀ ಮರಳು. ನೀರೇನಿದ್ದರೂ ಆ ಮರಳಿನ ಕೆಳಗೆ, ಕಣಿವೆಯ ಮಣ್ಣಿನೊಳಗೆ. ಕೆಳಗಿರುವ ಪಟ್ಟಣ ಅದನ್ನೇ ಪಂಪಿನಲ್ಲಿ ಎತ್ತಿ ಕುಡಿಯುತ್ತದೆ. ನಾನು ಹುಟ್ಟುವ ಮುಂಚೆ ಒಮ್ಮೆ ಆ ಪಂಪುಗಳು ಬರೀ ಗಾಳಿ ಎಳೆಯತೊಡಗಿದವಂತೆ. ಆಗ ಆಫೀಸಿನವರು ಸಭೆ ಸೇರಿ, ಕಣಿವೆ ತುಂಬ ಗಿಡ ನೆಡೋಣ, ಗಿಡ ಬಂದರೆ ನೀರು ತಾನಾಗಿ ಬರುತ್ತದೆ ಎಂದು ತೀರ್ಮಾನಿಸಿದರು. ನೆಡುವ ಕೆಲಸಕ್ಕೆ ಸಿಕ್ಕವರು ನನ್ನ ಅಜ್ಜ. ಜೊತೆಗೆ ನಾಲ್ಕು ಆಳುಗಳನ್ನೂ ಕೊಟ್ಟಿದ್ದರು, ಬಿಸಿಲು ನೋಡಿ ಅವರು ಒಬ್ಬೊಬ್ಬರಾಗಿ ಕಾಲಿಗೆ ಬುದ್ಧಿ ಹೇಳಿದರು. ಅಜ್ಜ ಎಂಟು ವರ್ಷ ಹಾರೆ ಹಿಡಿದು, ಹೆಗಲ ಮೇಲೆ ನೀರು ಹೊತ್ತು, ಎರಡೂ ಇಳಿಜಾರಿನಲ್ಲಿ, ಎರಡೂ ದಡದಲ್ಲಿ ನಲವತ್ತು ಸಾವಿರ ಗಿಡ ನೆಟ್ಟರು. ಆ ಬರಡಿನಲ್ಲಿ ಮುಕ್ಕಾಲು ಪಾಲು ಗಿಡ ಬದುಕಿದವು. ನಮ್ಮ ಮನೆಯವರು ಒಟ್ಟಾಗಿ ಮಾಡಿದ ದೊಡ್ಡ ಕೆಲಸ ಅದೊಂದೇ.

ಗಿಡ ನೆಟ್ಟಿದ್ದಕ್ಕೆ ನೀರು ಬಂತೋ ಇಲ್ಲವೋ ತಿಳಿಯಲು ಕಣಿವೆಯ ನಡುವೆ ಆ ಕೊಳವೆ ಇಳಿಸಿದರು. ಪಕ್ಕದಲ್ಲಿ ಎರಡು ಕೋಣೆಯ ಮನೆ ಕಟ್ಟಿ, ಅಳೆಯುವ ಕೆಲಸವನ್ನೂ ಅಜ್ಜನಿಗೇ ವಹಿಸಿದರು. ಅಷ್ಟರಲ್ಲಿ ಅಜ್ಜನ ಕಣ್ಣು ಮಂಜಾಗುತ್ತಾ ಬಂದಿತ್ತು. ಟೇಪಿನ ಸಣ್ಣ ಗೆರೆಗಳು ಕಾಣಿಸುತ್ತಿರಲಿಲ್ಲ. ಅತ್ತೆಗೆ ಆಗ ಇಪ್ಪತ್ತಮೂರು. ಪಟ್ಟಣದಲ್ಲಿ ನರ್ಸ್ ತರಬೇತಿಗೆ ಸೀಟು ಸಿಕ್ಕಿತ್ತು, ಟ್ರಂಕಿನಲ್ಲಿ ಎರಡು ಜೊತೆ ಬಿಳಿ ಬಟ್ಟೆ ಮಡಿಸಿಟ್ಟುಕೊಂಡಿದ್ದಳು. "ಆರೇ ತಿಂಗಳು ಮಗಾ, ಬೇರೆಯವರನ್ನ ಕಳಿಸೋವರೆಗೆ" ಎಂದರು ಅಜ್ಜ. ಅಂದರೆ ಅವಳು ಆರು ತಿಂಗಳಿಗೆಂದು ಕೂತವಳು.

ಹಾಳೆಯ ಹಿಂಬದಿಯಲ್ಲಿ ನಿಯಮಗಳು ಅಚ್ಚಾಗಿದ್ದವು. ಅತ್ತೆಗೆ ಅವು ಬಾಯಿಪಾಠ. ನೀರು ಐದು ಮೀಟರ್ ಗುರುತಿಗೆ ಬಂದು ಒಂದು ವರ್ಷ ಅಲ್ಲಿಂದ ಕೆಳಗಿಳಿಯದೆ ನಿಲ್ಲುವವರೆಗೆ ಅಳತೆ ನಡೆಯತಕ್ಕದ್ದು. ಆಮೇಲೆ ಅಳೆಯುವವರನ್ನು ಪಟ್ಟಣದ ಆಫೀಸಿಗೆ ತೆಗೆದುಕೊಳ್ಳಲಾಗುವುದು. ಅಲ್ಲಿಯವರೆಗೆ ಒಂದು ದಿನವೂ ತಪ್ಪಕೂಡದು, ಬದಲಿ ಇಲ್ಲದೆ ರಜೆ ಇಲ್ಲ. ಅತ್ತೆ ಕೈಗೆ ಟೇಪು ತೆಗೆದುಕೊಂಡ ದಿನ ನೀರು ಆರು ಮೀಟರಿನಲ್ಲಿತ್ತು. ಇನ್ನೊಂದೇ ಮೀಟರ್ ಅಲ್ಲವೇ ಎಂದುಕೊಂಡಳಂತೆ.

ಮೂರನೇ ವರ್ಷಕ್ಕೆ ಆರೂವರೆ ಆಯಿತು. ಎಂಟನೇ ವರ್ಷಕ್ಕೆ ಏಳು ದಾಟಿತು. ಕಣಿವೆ ನೋಡಿದರೆ ಕಣ್ಣಿಗೆ ಹಬ್ಬ, ಎಲ್ಲಿ ನೋಡಿದರೂ ಹಸಿರು. ಹಾಳೆ ನೋಡಿದರೆ ನೀರು ಪಾತಾಳಕ್ಕೆ ಹೊರಟಿದೆ. ಅಜ್ಜ ಕಾಣದ ಕಣ್ಣನ್ನು ಕಿಟಕಿಯ ಕಡೆ ತಿರುಗಿಸಿ, "ಗಿಡ ಇನ್ನೂ ಎಳೇವು. ಬೇರು ಇಳೀಲಿ, ಆಮೇಲೆ ನೋಡು" ಅನ್ನುತ್ತಿದ್ದರು. ಅತ್ತೆ ನೋಡುತ್ತಿದ್ದಳು. ನೋಡುತ್ತ ನೋಡುತ್ತ ನರ್ಸ್ ಸೀಟು ಒಂದು ವರ್ಷ ಮುಂದಕ್ಕೆ ಹೋಗಿ, ಆಮೇಲೆ ರದ್ದಾಯಿತು.

ಬದಲಿ ಎಂದು ಹೆಸರಿಗೆ ಇದ್ದದ್ದು ನನ್ನ ಅಪ್ಪ, ಅವಳ ಅಣ್ಣ. ನನ್ನ ಅಪ್ಪ ಮಾತಿನಲ್ಲಿ ಮನೆ ಕಟ್ಟುವ ಮನುಷ್ಯ. "ಮುಂದಿನ ತಿಂಗಳು ಬಂದು ಒಂದು ವಾರ ನಾನೇ ಅಳೀತೀನಿ, ನೀನು ಎಲ್ಲಾದ್ರೂ ಹೋಗಿ ಬಾ" ಎಂದು ಹದಿನೆಂಟು ವರ್ಷ ಹೇಳಿದ. ಆ ಮುಂದಿನ ತಿಂಗಳು ಯಾವ ಕ್ಯಾಲೆಂಡರಿನಲ್ಲೂ ಬರಲಿಲ್ಲ. ಹೀಗಾಗಿ ಅತ್ತೆಯ ಲೋಕ ಬಸ್ಸಿನ ವೇಳೆಯಷ್ಟೇ ಅಗಲವಾಗಿತ್ತು. ಬೆಳಿಗ್ಗೆ ಎಂಟಕ್ಕೆ ಒಂದು ಬಸ್ಸು, ಪಟ್ಟಣ ತಲುಪಲು ಮೂರು ಗಂಟೆ, ಕೊನೆಯ ಬಸ್ಸು ಹಿಂದಿರುಗುವುದು ಎರಡಕ್ಕೆ. ನನ್ನ ಅಮ್ಮನಿಗೆ ಆಪರೇಷನ್ ಆದಾಗ ಅವಳು ಬಂದು, ಮಂಚದ ತುದಿಯಲ್ಲಿ ಕೂತು, ಅಮ್ಮನಿಗೆ ಪ್ರಜ್ಞೆ ಬರುವ ಮುಂಚೆಯೇ ಎದ್ದು ಹೋದದ್ದು ನನಗೆ ನೆನಪಿದೆ. ಒಮ್ಮೆ ಅವಳನ್ನು ನೋಡಲು ಒಂದು ಗಂಡೂ ಬಂದಿತ್ತಂತೆ. ಟೀ ಕುಡಿದು, ಸುತ್ತ ಕಣ್ಣಾಡಿಸಿ, "ಹುಡುಗಿ ಅಲ್ಲಿಗೆ ಬರಲ್ಲ, ನಾನೇ ಇಲ್ಲಿಗೆ ಬರ್ಬೇಕು ಅಂತೀರಾ?" ಎಂದು ಖಾತ್ರಿ ಮಾಡಿಕೊಂಡು, ಬಸ್ಸಿಗೂ ಕಾಯದೆ ಲಾರಿ ಹತ್ತಿಕೊಂಡು ಹೋದನಂತೆ. ಅತ್ತೆ ಇದನ್ನು ನಗುನಗುತ್ತಲೇ ಹೇಳುತ್ತಿದ್ದಳು. ನನಗೆ ಮಾತ್ರ ನಗು ಬರುತ್ತಿರಲಿಲ್ಲ.

ನಾನು ದೊಡ್ಡವಳಾಗಿ ಕೆಲಸಕ್ಕೆ ಸೇರಿದ್ದು ಅದೇ ಆಫೀಸಿಗೆ. ಇಲಾಖೆಯ ಹತ್ತಾರು ಬಾವಿಗಳಿಂದ ಬರುವ ಹಾಳೆಗಳನ್ನು ಕಂಪ್ಯೂಟರಿಗೆ ತುಂಬುವುದು ನನ್ನ ಕೆಲಸ. ಎರಡನೇ ಮಹಡಿ, ಕಿಟಕಿಯ ಹತ್ತಿರದ ಮೇಜು, ಸದಾ ಅಲ್ಲಾಡುವ ಕುರ್ಚಿ. ಬೇರೆ ಬಾವಿಗಳ ಹಾಳೆ ನೋಡಿದರೆ ಯಾರು ಯಾವ ದಿನ ನೆಂಟರ ಮನೆಗೆ ಹೋಗಿದ್ದರು ಎಂದು ನಾನು ಹೇಳಬಲ್ಲೆ. ಮೂರು ದಿನದ ಅಂಕಿಗಳನ್ನು ಒಂದೇ ಏಟಿಗೆ, ಒಂದೇ ಪೆನ್ನಿನಲ್ಲಿ ಬರೆದಿರುತ್ತಾರೆ. ಅತ್ತೆಯ ಹಾಳೆ ಹಾಗಿರುತ್ತಿರಲಿಲ್ಲ. ಚಳಿಯ ದಿನ ಅಂಕಿ ನಡುಗಿರುತ್ತಿತ್ತು, ಮಳೆಯ ದಿನ ಶಾಯಿ ಹರಡಿರುತ್ತಿತ್ತು. ತಲೆ ಮುಚ್ಚಿದ ಅವಳ '೪' ಅನ್ನು ಸಾವಿರದಲ್ಲೂ ಗುರುತಿಸಬಹುದಿತ್ತು.

ಒಂದು ತಿಂಗಳ ಹಾಳೆಯಲ್ಲಿ ಒಂದು ಅಂಕಿ ಎಡವಟ್ಟಾಗಿತ್ತು. ಹಿಂದಿನ ದಿನ ೮.೭೧, ಮರುದಿನ ೮.೭೧, ನಡುವಿನ ದಿನ ೮.೭೮. ಒಂದು ದಿನದ ಮಟ್ಟಿಗೆ ನೀರು ಏಳು ಸೆಂಟಿಮೀಟರ್ ಇಳಿದು ಮತ್ತೆ ಏರುವುದುಂಟೇ? ನಾನು ಫೋನ್ ಮಾಡಿದೆ.

"ಅತ್ತೆ, ಹದಿನೇಳನೇ ತಾರೀಕು ತಪ್ಪಾಗಿದೆ. ಎಪ್ಪತ್ತೊಂದು ಅಂತ ಸರಿ ಮಾಡ್ಲಾ?"

"ಮುಟ್ಟಿದ್ರೆ ಕೈ ಮುರೀತೀನಿ" ಎಂದಳು ಅತ್ತೆ. "ನಾನು ನೋಡಿದ್ದನ್ನೇ ಬರ್ದಿದೀನಿ. ನೋಡ್ದೇ ಇರೋದನ್ನ ಈ ಕೈ ಇವತ್ತಿನವರೆಗೂ ಬರ್ದಿಲ್ಲ. ಅವತ್ತು ನಿಮ್ಮಜ್ಜ ಬಚ್ಚಲಲ್ಲಿ ಬಿದ್ರು, ಲಾರಿ ಹಿಡಿದು ಡಾಕ್ಟರ್ ಹತ್ರ ಕರ್ಕೊಂಡು ಹೋಗಿ ವಾಪಸ್ ಬರೋ ಹೊತ್ತಿಗೆ ಮಧ್ಯಾಹ್ನ ಎರಡಾಗಿತ್ತು. ಎರಡು ಗಂಟೆಗೆ ಅಳೆದಿದ್ದು ಅಂತ ಪಕ್ಕದಲ್ಲೇ ಬರ್ದಿದೀನಲ್ಲ, ಕಣ್ಣಿಲ್ವಾ ನಿಂಗೆ?"

ಕಂಪ್ಯೂಟರಿನಲ್ಲಿ ವೇಳೆ ಬರೆಯಲು ಜಾಗವೇ ಇರಲಿಲ್ಲ, ಅದಕ್ಕೇ ನಾನು ಓದಿರಲಿಲ್ಲ. ಆದರೆ ಮಾತು ಅಲ್ಲಿಗೆ ಮುಗಿಯಲಿಲ್ಲ. ಅತ್ತೆಯ ತಲೆಗೂ ಹುಳ ಹೊಕ್ಕಿತು. ಹದಿನೆಂಟು ವರ್ಷದಲ್ಲಿ ಆ ಒಂದು ದಿನ ಹೊರತು ಅವಳು ಆರು ಗಂಟೆ ಬಿಟ್ಟು ಬೇರೆ ಹೊತ್ತಿನಲ್ಲಿ ಆ ಮುಚ್ಚಳ ತೆಗೆದಿರಲೇ ಇಲ್ಲ. ನಿಯಮದಲ್ಲಿ ಆರು ಎಂದಿತ್ತು, ಆರಕ್ಕೆ ಅಳೆದಳು. ಮಾರನೆಯ ವಾರ ಬೆಳಗಿನಿಂದ ಕತ್ತಲಾಗುವವರೆಗೆ ಎರಡೆರಡು ಗಂಟೆಗೊಮ್ಮೆ ಅಳೆದಳು. ಬಿಸಿಲೇರಿದಂತೆ ನೀರು ಇಳಿಯುತ್ತಿತ್ತು. ಸಂಜೆ ನಾಲ್ಕಕ್ಕೆ ತೀರ ಕೆಳಗೆ. ಬೆಳಿಗ್ಗೆ ನೋಡಿದರೆ ಮತ್ತೆ ಹೆಚ್ಚುಕಡಿಮೆ ಮೊದಲಿನ ಜಾಗಕ್ಕೇ ಏರಿರುತ್ತಿತ್ತು, ಪೂರ್ತಿ ಅಲ್ಲ, ಒಂದು ಕೂದಲೆಳೆಯಷ್ಟು ಕಡಿಮೆ. ಮೋಡ ಕವಿದ ದಿನ ಇಡೀ ಹಗಲು ಅಲ್ಲಾಡಲೇ ಇಲ್ಲ.

ಆ ಭಾನುವಾರ ನಾನು ಅಲ್ಲಿಗೆ ಹೋಗಿದ್ದೆ. ಅತ್ತೆ ನೋಟ್‌ಬುಕ್ಕನ್ನು ನನ್ನ ಮುಂದೆ ತಳ್ಳಿ, ಒಳಕೋಣೆಯಲ್ಲಿ ಮಲಗಿದ್ದ ಅಜ್ಜನಿಗೆ ಕೇಳಿಸದಂತೆ ಹೇಳಿದಳು. "ಬಿಸಿಲಲ್ಲಿ ಯಾರು ನೀರು ಕುಡೀತಾರೆ ಹೇಳು? ಪಂಪ್ ಇರೋದು ಮೂವತ್ತು ಮೈಲಿ ಆಚೆ. ಇಲ್ಲಿ ಇರೋದು ನಾನು, ನಿಮ್ಮಜ್ಜ, ಇನ್ನು ಅವರ ಗಿಡ."

ನನಗೆ ಅರ್ಥವಾದ ತಕ್ಷಣ ಕುಣಿದಾಡುವಷ್ಟು ಖುಷಿಯಾಯಿತು. ಗಿಡ ಕಡಿದರೆ ನೀರು ಏರುತ್ತದೆ, ನೀರು ಗುರುತಿಗೆ ಬಂದರೆ ಅತ್ತೆ ಬಿಡುಗಡೆ. "ಇವತ್ತೇ ಕಳಿಸು, ನಾನೇ ಕೈಯಾರೆ ಕೊಡ್ತೀನಿ" ಎಂದೆ. ಅತ್ತೆ ನೋಟ್‌ಬುಕ್ಕನ್ನು ಟ್ರಂಕಿನೊಳಗೆ, ಬಿಳಿ ಬಟ್ಟೆಗಳ ಕೆಳಗೆ ಇಟ್ಟಳು.

"ಕಳಿಸಿದ್ರೆ ಕೊಡಲಿ ಬರುತ್ತೆ. ಈ ಮುದುಕನಿಗೆ ಇನ್ನೇನಿದೆ ಹೇಳು. ಬೆಳಿಗ್ಗೆ ಎದ್ದು ಬಾಗಿಲಲ್ಲಿ ನಿಂತು ಎಲೆ ಸದ್ದು ಕೇಳಿಸ್ಕೊಂಡ್ರೆ ಅವರಿಗೆ ಹಗಲು ಶುರುವಾಗೋದು."

ಮೂರು ತಿಂಗಳು ಆ ನೋಟ್‌ಬುಕ್ ಟ್ರಂಕಿನಲ್ಲೇ ಇತ್ತು. ನಾನು ಪ್ರತಿ ಫೋನಿನಲ್ಲೂ ಅವಳ ತಲೆ ತಿಂದೆ. ಅವಳು ಪ್ರತಿ ಸಲವೂ ಹವಾಮಾನದ ಮಾತೆತ್ತಿದಳು. ಸಿಟ್ಟಿನಲ್ಲಿ ನಾನೊಮ್ಮೆ, "ಹಾಗಾದ್ರೆ ಅಲ್ಲೇ ಕೊಳೀ" ಎಂದು ಫೋನ್ ಕುಕ್ಕಿದ್ದೂ ಉಂಟು.

ಆದರೂ ಅತ್ತೆ ಮಧ್ಯಾಹ್ನ ಅಳೆಯುವುದನ್ನು ಬಿಟ್ಟಿರಲಿಲ್ಲ. ಕೊನೆಗೆ ಗುಟ್ಟು ರಟ್ಟು ಮಾಡಿದ್ದು ರಾಟೆ. ಅದಕ್ಕೆ ಎಷ್ಟು ಎಣ್ಣೆ ಹಾಕಿದರೂ ಕಿರುಗುಟ್ಟುತ್ತಿತ್ತು. ಕಣ್ಣು ಹೋದ ಮೇಲೆ ಅಜ್ಜನ ಕಿವಿ ಚುರುಕಾಗಿತ್ತು. "ಮಧ್ಯಾಹ್ನದ ಹೊತ್ತು ಯಾಕೆ ಟೇಪ್ ಬಿಡ್ತಿದೀಯಾ?" ಎಂದು ಒಂದು ದಿನ ನೇರವಾಗಿ ಕೇಳಿದರು. ಸುಳ್ಳು ಹೇಳಲು ಅತ್ತೆಗೆ ಬರುವುದಿಲ್ಲ. ಎಲ್ಲವನ್ನೂ ಹೇಳಿಬಿಟ್ಟಳು. ಅಜ್ಜ ಕೂಗಾಡುತ್ತಾರೆ, ಅಳುತ್ತಾರೆ ಎಂದು ಕಾದಳು. ಅವರು ಮೆಲ್ಲಗೆ ಹೇಳಿದರು:

"ದಡದ ಸಾಲು ನೆಟ್ಟ ನಾಲ್ಕನೇ ವರ್ಷ, ಮರಳಲ್ಲಿ ಕೈ ಆಡಿಸಿದ್ರೆ ಸಿಗ್ತಿದ್ದ ಒರತೆ ನಿಂತೋಯ್ತು. ನಂಗೆ ಅವತ್ತೇ ಗೊತ್ತಾಯ್ತು."

"ಗೊತ್ತಿತ್ತಾ?" ಎಂದಳಂತೆ ಅತ್ತೆ. "ಗೊತ್ತಿದ್ದೂ ನನ್ನನ್ನ ಇಲ್ಲಿ ಕೂರಿಸಿದ್ರಾ?"

"ಹೇಳಿದ್ರೆ ಕಡೀತಿದ್ರು. ಆಮೇಲೆ ನಾನು ಬದುಕಿದ್ದಕ್ಕೆ ಗುರುತೇನಿತ್ತು?"

ಇದನ್ನು ಅತ್ತೆ ನನಗೆ ಹೇಳುವಾಗ ಅವಳ ದನಿಯಲ್ಲಿ ಕೋಪವಿರಲಿಲ್ಲ. ಕೋಪ ನನಗೆ ಬಂತು, ಇವತ್ತಿಗೂ ಇದೆ. ಅಜ್ಜನನ್ನು ನಾನು ಪ್ರೀತಿಸಿದವಳೇ. ಆದರೂ ಹೇಳುತ್ತೇನೆ, ಮಗಳ ಹದಿನೆಂಟು ವರ್ಷವನ್ನು ಅವರು ಗಿಡದ ಬುಡಕ್ಕೆ ಸುರಿದರು. ಅತ್ತೆ ಒಂಬತ್ತು ದಿನ ಅವರೊಡನೆ 'ಊಟ' ಎಂಬ ಒಂದು ಮಾತು ಬಿಟ್ಟು ಬೇರೆ ಆಡಲಿಲ್ಲ. ಹತ್ತನೇ ದಿನ ಅಜ್ಜನೇ ಕರೆದು, "ಒಂದು ಬಕೆಟ್ ಸುಣ್ಣ ಕಲಸು, ನಿನ್ನ ನೋಟ್‌ಬುಕ್ಕನ್ನೂ ಕಳಿಸು" ಎಂದರು.

ಹೊಸದಾಗಿ ಬಂದಿದ್ದ ಇಂಜಿನಿಯರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಒಳ್ಳೆಯವಳು. ನೋಟ್‌ಬುಕ್ ಓದಿ ಮಾರನೆಯ ದಿನವೇ ಜೀಪಿನಲ್ಲಿ ಓಡಿ ಬಂದಳು. ಇಡೀ ಕಣಿವೆ ಬೋಳಿಸಬೇಕಾಗಬಹುದು ಎಂದು ಅವಳು ಅಳುಕುತ್ತಲೇ ಹೇಳಿದಾಗ ಅಜ್ಜ ಕೋಲು ಕುಟ್ಟಿದರು.

"ಇಳಿಜಾರಿನವನ್ನ ಮುಟ್ಟಬೇಡಮ್ಮ. ಮಳೆ ಬಿದ್ದಾಗ ಅವು ನೀರನ್ನ ಓಡೋಕೆ ಬಿಡಲ್ಲ, ತಡೆದು ನಿಲ್ಲಿಸಿ ನೆಲಕ್ಕಿಳಿಸ್ತವೆ. ಅವುಗಳ ಬೇರಿಗೆ ಕೆಳಗಿನ ನೀರು ಎಟುಕಲ್ಲ. ಅವನ್ನ ಕಡಿದ್ರೆ ಮಳೆನೀರು ಮಣ್ಣನ್ನೂ ಎಳ್ಕೊಂಡು ಹೋಗುತ್ತೆ. ದಡದವು ಬೇರೆ. ನೀರಲ್ಲೇ ಕಾಲಿಟ್ಕೊಂಡು ನಿಂತಿವೆ, ಹಗಲೆಲ್ಲಾ ಹೀರ್ತವೆ. ಅವು ಯಾವ್ಯಾವು ಅಂತ ನಾನು ತೋರಿಸ್ತೀನಿ."

ಹದಿಮೂರು ದಿನ ಅಜ್ಜ ಅತ್ತೆಯ ಭುಜ ಹಿಡಿದು ದಡದುದ್ದಕ್ಕೂ ನಡೆದರು. ಒಂದೊಂದು ಮರವನ್ನೂ ಅಂಗೈಯಿಂದ ತಡವಿ, ಇದು ಹೋಗಲಿ, ಇದು ಇರಲಿ ಎನ್ನುವರು. ಹೋಗಲಿ ಎಂದದ್ದಕ್ಕೆ ಅತ್ತೆ ಸುಣ್ಣದ ಪಟ್ಟಿ ಬಳಿಯುವಳು. ಹೀಗೆ ಸಾವಿರದ ನೂರು ಮರ ಗುರುತಾದವು. ಕಡಿಯುವ ವಾರ ಅಜ್ಜ ಕಿವಿಗೆ ಹತ್ತಿ ಇಟ್ಟುಕೊಂಡು ಗೋಡೆ ಕಡೆ ತಿರುಗಿ ಮಲಗಿದ್ದರು.

ಆಮೇಲೆ ಎರಡು ವರ್ಷ ಮಳೆಯೂ ಚೆನ್ನಾಗಿ ಆಯಿತು. ಎಂಟೂಮುಕ್ಕಾಲು ಏಳಾಯಿತು, ಏಳು ಆರಾಯಿತು. ನಾನು ಆಫೀಸಿನಲ್ಲಿ ತಿಂಗಳ ಹಾಳೆಗೆ ಕಾದು ಕೂತಿರುತ್ತಿದ್ದೆ. ಬೇರೆಯವರು ಕ್ರಿಕೆಟ್ ಸ್ಕೋರ್ ಕೇಳುವಂತೆ ಕಾಫಿ ತರುವವನೂ "ನಿಮ್ಮತ್ತೆ ಎಷ್ಟಕ್ಕೆ ಬಂದ್ರು?" ಎಂದು ಕೇಳುತ್ತಿದ್ದ. ಕೊನೆಗೆ ಒಂದು ತಿಂಗಳು ೪.೯೯ ಎಂಬ ಅಂಕಿ ಬಂತು. ತಲೆ ಮುಚ್ಚಿದ ಆ '೪' ನೋಡಿ ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಇನ್ನು ಒಂದು ವರ್ಷ ಅದು ಅಲ್ಲೇ ನಿಲ್ಲಬೇಕು. ನಿಂತಿತು.

ಅತ್ತೆ ಟ್ರಂಕಿನಲ್ಲಿದ್ದ ಬಿಳಿ ಬಟ್ಟೆ ತೆಗೆದು ಹೊರಗೆ ಒಣಹಾಕಿದಳು, ಹಳದಿ ಕಲೆ ಹೋಗಲಿಲ್ಲ, ಹರಿದು ಒರೆಸುವ ಬಟ್ಟೆ ಮಾಡಿದಳು. ಪಟ್ಟಣದ ಆಫೀಸಿನ ಹತ್ತಿರ ನೆಲಮಹಡಿಯಲ್ಲಿ ಒಂದು ಕೋಣೆ ನೋಡಿಡು ಎಂದು ನನಗೆ ಹೇಳಿದಳು. ಅಜ್ಜನೂ ಒಪ್ಪಿದ್ದರು. "ಅಲ್ಲಿ ಕಿಟಕಿ ಹತ್ರ ಒಂದಾದ್ರೂ ಮರ ಇರ್ಲಿ" ಎಂದಷ್ಟೇ ಅವರ ಷರತ್ತು. ಹಾಗೆ ಮರವಿದ್ದ ಒಂದು ಕೋಣೆಯನ್ನು ನಾನು ನೋಡಿಯೂ ಇಟ್ಟಿದ್ದೆ.

ಆದೇಶವನ್ನು ನಾನೇ ತೆಗೆದುಕೊಂಡು ಹೋದೆ. ಇಂಜಿನಿಯರ್ ಲಕೋಟೆ ಕೊಡುವಾಗ ನನ್ನ ಕೈ ಕುಲುಕಿ, "ನಿಮ್ಮತ್ತೆಗೆ ಎಷ್ಟು ದೊಡ್ಡ ಗೌರವ ಸಿಕ್ಕಿದೆ ನೋಡಿ" ಎಂದಿದ್ದಳು. ದಾರಿಯುದ್ದಕ್ಕೂ ನಾನು ಲಕೋಟೆಯನ್ನು ಎದೆಗವುಚಿಕೊಂಡು ಕೂತಿದ್ದೆ. ಕಂಡಕ್ಟರ್ "ಟೀಚರ್‌ಗೆ ಏನು, ಪ್ರಮೋಷನ್ನಾ?" ಎಂದ. ಹೂಂ ಎಂದೆ.

ಅತ್ತೆ ಬಾಗಿಲಲ್ಲೇ ನಿಂತು ಓದಿದಳು. ಇಪ್ಪತ್ತೆರಡು ವರ್ಷ ಒಂದು ದಿನವೂ ತಪ್ಪದೆ ಅಳತೆ ನಡೆದ ಬಾವಿ ಇಡೀ ಇಲಾಖೆಯಲ್ಲಿ ಇದೊಂದೇ. ಮರ ಇದ್ದಾಗ ಏನಾಯಿತು, ಕಡಿದಾಗ ಏನಾಯಿತು ಎಂಬುದಕ್ಕೆ ಇಂಥ ದಾಖಲೆ ಬೇರೆಲ್ಲೂ ಇಲ್ಲ. ಆದ್ದರಿಂದ ಈ ಬಾವಿಯನ್ನು ಕಾಯಂ ಅಳತೆಯ ಬಾವಿ ಎಂದು ಘೋಷಿಸಲಾಗಿದೆ. ಅಳೆಯುವವರನ್ನೂ ಅದೇ ಸ್ಥಳದಲ್ಲಿ, ಅದೇ ಮನೆಯಲ್ಲಿ ಕಾಯಂ ಮಾಡಲಾಗಿದೆ. ಹಳೆಯ ಐದು ಮೀಟರ್ ನಿಯಮ ಇನ್ನು ಮುಂದೆ ಅನ್ವಯಿಸುವುದಿಲ್ಲ.

ಓದಿ ಮುಗಿಸಿ ಅವಳು ಕಾಗದವನ್ನು ನಾಲ್ಕಾಗಿ ಮಡಿಸಿದಳು. "ಒಂದು ದಿನಾನೂ ತಪ್ಪಿಸ್ಲಿಲ್ಲ ಅಂತ" ಎಂದಳು.

"ಬೇಡ ಅಂತ ಬರೆದುಕೊಡು ಅತ್ತೆ!" ಎಂದೆ.

"ಬರೆದುಕೊಟ್ಟು ಎಲ್ಲಿಗೆ ಹೋಗ್ಲಿ? ಕೆಲಸ ಬಿಟ್ರೆ ಮನೆ ಬಿಡ್ಬೇಕು. ನಿಮ್ಮದು ಮೂರನೇ ಮಹಡೀಲಿ ಒಂದು ಕೋಣೆ. ಅಜ್ಜನ್ನ ಎಲ್ಲಿ ಮಲಗಿಸ್ತೀಯಾ, ಮೆಟ್ಟಿಲ ಮೇಲಾ? ನಲವತ್ತೈದು ವರ್ಷದೋಳನ್ನ ಯಾರು ಕೆಲಸಕ್ಕೆ ಕರೀತಾರೆ? ಬಾ, ಕೈಕಾಲು ತೊಳ್ಕೋ."

ಅಂದು ನನಗೆ ಬೈಯಲು ಒಬ್ಬರೂ ಸಿಗಲಿಲ್ಲ. ಇಂಜಿನಿಯರ್ ಒಳ್ಳೆಯದನ್ನೇ ಮಾಡಲು ಹೋಗಿದ್ದಳು. ಮುಂದಿನ ತಿಂಗಳಿಂದ ಹಾಳೆಯ ಮೇಲೆ 'ಕಾಯಂ' ಎಂಬ ಮುದ್ರೆ ಬಿತ್ತು.

ಆ ಕಾಯಂ ಹಾಳೆಗಳಲ್ಲಿ ಎರಡನೆಯದು ನನ್ನ ಮೇಜಿಗೆ ಬಂದಾಗ ನಾನು ಎಂದಿನಂತೆ ಒಂದರಿಂದ ತುಂಬುತ್ತಾ ಹೋದೆ. ಹದಿನಾಲ್ಕಕ್ಕೆ ಬಂದು ಕೈ ನಿಂತಿತು. ಹದಿಮೂರು, ೪.೯೭. ಹದಿನೈದು, ೪.೯೯. ಹದಿನಾಲ್ಕನೆಯ ಚೌಕ ಖಾಲಿ. ಅಂಕಿ ಇಲ್ಲ, ವೇಳೆ ಇಲ್ಲ, ಕಾರಣವೂ ಇಲ್ಲ. ಚೌಕ ಬಿಟ್ಟು ಮುಂದೆ ಹೋದರೆ ಕಂಪ್ಯೂಟರ್ ಕೆಂಪಾಗಿ ಮಿನುಗುತ್ತಿತ್ತು.

ಅತ್ತೆಗೆ ಹುಷಾರಿಲ್ಲವೇ? ಫೋನ್ ಮಾಡಿದರೆ ಚೆನ್ನಾಗಿಯೇ ಮಾತಾಡಿದಳು. ನಾನು ಚೌಕದ ಮಾತೆತ್ತಲಿಲ್ಲ. ಮರೆತಿದ್ದಾಳೆ, ಪಾಪ, ವಯಸ್ಸಾಯಿತು ಎಂದುಕೊಂಡೆ. ಇಪ್ಪತ್ತೆರಡು ವರ್ಷ ತಪ್ಪದ್ದು ಕಾಯಂ ಆದ ಎರಡನೇ ತಿಂಗಳಿಗೇ ತಪ್ಪಿದೆ ಎಂದು ಗೊತ್ತಾದರೆ ಮೇಲಿನವರು ಸುಮ್ಮನಿರುತ್ತಾರೆಯೇ, ವಿವರಣೆ ಕೇಳಿ ನೋಟಿಸ್ ಕಳಿಸುತ್ತಾರೆ, ಅವಳು ತಲೆತಗ್ಗಿಸಿ ನಿಲ್ಲಬೇಕಾಗುತ್ತದೆ. ಒಂದೇ ದಿನ ಬಿಟ್ಟುಹೋದರೆ ಅತ್ತ ಇತ್ತಲಿನ ಅಂಕಿಗಳ ಸರಾಸರಿ ಹಾಕುವುದು ನಮ್ಮಲ್ಲಿ ರೂಢಿ. ನಾನು ಕಂಪ್ಯೂಟರಿನಲ್ಲಿ ೪.೯೮ ಒತ್ತಿದೆ. ಆಮೇಲೆ ಅಕ್ಕಪಕ್ಕ ನೋಡಿ, ನೀಲಿ ಪೆನ್ನು ತೆಗೆದು ಹಾಳೆಯ ಖಾಲಿ ಚೌಕದಲ್ಲೂ ಬರೆದೆ. '೪'ರ ತಲೆಯನ್ನು ಅವಳ ಹಾಗೆಯೇ ಮುಚ್ಚಿದೆ. ಅತ್ತೆಗೆ ನಾನು ಮಾಡಿದ ಮೊದಲ ಉಪಕಾರ ಇದು ಎಂದು ಆ ದಿನವೆಲ್ಲ ಹಿಗ್ಗಿಕೊಂಡಿದ್ದೆ.

ವರ್ಷಕ್ಕೊಮ್ಮೆ ಎಲ್ಲ ಬಾವಿಗಳ ಅಂಕಿಗಳನ್ನು ಸೇರಿಸಿ ಒಂದು ಪುಸ್ತಕ ಅಚ್ಚು ಹಾಕಿಸುತ್ತಾರೆ. ಅದರ ಮೊದಲ ಪುಟದಲ್ಲೇ ಅತ್ತೆಯ ಬಾವಿಯ ಬಗ್ಗೆ ನಾಲ್ಕು ಸಾಲು ಹೊಗಳಿಕೆಯಿತ್ತು. ಒಂದು ಶನಿವಾರ ಪುಸ್ತಕವನ್ನು ಹಿಡಿದುಕೊಂಡು ಕೊನೆಯ ಬಸ್ಸಿಗೆ ಹೋದೆ. ಅಜ್ಜ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಇಳಿಜಾರಿನ ಎಲೆಗಳ ಸದ್ದು ಕೇಳುತ್ತಿದ್ದರು. ಅತ್ತೆ ಕನ್ನಡಕ ಹಾಕಿಕೊಂಡು, ಹೊಗಳಿಕೆಯ ಪುಟವನ್ನು ಕಣ್ಣೆತ್ತಿಯೂ ನೋಡದೆ, ಸರಸರನೆ ಹಾಳೆ ಮಗುಚಿ ಒಂದು ಕಡೆ ಬೆರಳಿಟ್ಟಳು. ಹದಿನಾಲ್ಕನೇ ತಾರೀಕು.

"ಇದು ಯಾರದ್ದು?" ಎಂದಳು.

ನಾನು ಬೆನ್ನು ತಟ್ಟುತ್ತಾಳೆಂದು ನಗುತ್ತಾ, "ನಂದೇ. ನೀನು ಮರೆತಿದ್ಯಲ್ಲ, ನೋಟಿಸ್ ಬರ್ದೇ ಇರ್ಲಿ ಅಂತ ತುಂಬಿಸ್ದೆ" ಎಂದೆ.

ಅತ್ತೆ ಬೆರಳು ತೆಗೆಯಲಿಲ್ಲ. ಅಚ್ಚಾದ ಅಂಕಿಯ ಮೇಲೆ ಸ್ವಲ್ಪ ಸೀಮೆಸುಣ್ಣ ಹತ್ತಿತು.

"ಮರೆತಿರ್ಲಿಲ್ಲ. ಐದೂವರೆಗೇ ಎಚ್ಚರ ಆಗಿತ್ತು. ಎದ್ದು ಕೂತೆ, ಚಪ್ಪಲಿ ಹಾಕ್ಕೊಂಡೆ. ಆಮೇಲೆ ಚಪ್ಪಲಿ ಬಿಟ್ಟು ಮತ್ತೆ ಮಲ್ಕೊಂಡೆ. ಅಜ್ಜ ಆರಾಯ್ತು ಅಂತ ಕೂಗಿದ್ರು, ನಾನು ಮಾತಾಡ್ಲಿಲ್ಲ. ಒಂಬತ್ತು ಗಂಟೇವರೆಗೂ ಮಲಗಿದ್ದೆ. ಬಿಸಿಲು ಮುಖದ ಮೇಲೆ ಬಂತು. ಅವತ್ತು ಇಡೀ ದಿನ ಆ ಮುಚ್ಚಳ ತೆಗೀಲಿಲ್ಲ. ಅವತ್ತು ನೀರು ಎಷ್ಟಿತ್ತು ಅಂತ ಯಾರಿಗೂ ಗೊತ್ತಾಗ್ಬಾರ್ದು ಅಂತ ಬಿಟ್ಟಿದ್ದೆ ಕಣೇ. ಇಷ್ಟು ವರ್ಷದಲ್ಲಿ ನಂದು ಅಂತ ಇದ್ದಿದ್ದು ಆ ಒಂದು ಚೌಕ."

ಅವಳು ಬೈದಿದ್ದರೆ ಚೆನ್ನಾಗಿತ್ತು, ಒಂದೇಟು ಹೊಡೆದಿದ್ದರೆ ಇನ್ನೂ ಚೆನ್ನಾಗಿತ್ತು. "ತೆಗೆಸ್ತೀನಿ ಅತ್ತೆ, ಸೋಮವಾರ ಹೋಗಿ ಹೇಳ್ತೀನಿ, ನಾನೇ ತುಂಬಿದ್ದು ಅಂತ" ಎಂದೆ.

"ಎಲ್ಲಾ ಕಡೆ ಹೋಗಾಯ್ತು ಪುಸ್ತಕ. ನಿನ್ನ ಕೆಲಸಕ್ಕೆ ಕುತ್ತು ಬೇರೆ" ಎಂದು ಅವಳು ಕನ್ನಡಕ ತೆಗೆದು ಮಡಿಸಿದಳು. "ನಾಲ್ಕು ಮಾತ್ರ ನನ್ನ ಥರಾನೇ ಬರ್ದಿರ್ಬೇಕು. ನಿಮ್ಮ ಆಫೀಸಿನ ಗುಮಾಸ್ತರು ಹಾಳೆ ನೋಡಿ, ಹದಿನಾಲ್ಕೂ ನಿಮ್ಮ ಕೈಬರಹದಲ್ಲೇ ಇದೆಯಲ್ಲ ಅಂದ್ರು. ಫೋನ್ ಮಾಡಿ ಕೇಳಿದ್ದೆ ಅವರನ್ನ."

ಅಂದರೆ ಅವಳು ನೋಟಿಸ್ ಬರಲಿ ಎಂದು ತಿಂಗಳುಗಟ್ಟಲೆ ಕಾದಿದ್ದಳು. ಬರದೇ ಹೋದಾಗ ತಾನೇ ಫೋನ್ ಮಾಡಿದ್ದಳು. ಯಾರು ತುಂಬಿರಬಹುದೆಂದು ಅವಳಿಗೆ ಗೊತ್ತಿತ್ತು, ನನ್ನ ಬಾಯಿಂದ ಕೇಳಬೇಕಿತ್ತು ಅಷ್ಟೆ.

ಊಟ ಮಾಡುವಾಗ ನಾನು ಧೈರ್ಯ ತಂದುಕೊಂಡು ಹೇಳಿದೆ. "ನಾಳೆ ನಾನು ಅಳೀತೀನಿ ಅತ್ತೆ. ನೀನು ಮಲ್ಕೋ, ಎಷ್ಟು ಹೊತ್ತು ಬೇಕಾದ್ರೂ ಮಲ್ಕೋ."

ಅತ್ತೆ ನನ್ನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು. "ಬೇಡ ಬಿಡು" ಎಂದಳು ಸಮಾಧಾನವಾಗಿಯೇ. "ನೀನು ನೋಡ್ದೇನೇ ಬರೀತೀಯ."

ಬೆಳಿಗ್ಗೆ ರಾಟೆಯ ಕಿರುಗುಟ್ಟುವ ಸದ್ದಿಗೆ ನನಗೆ ಎಚ್ಚರವಾಯಿತು. ಗೋಡೆಯ ಗಡಿಯಾರದಲ್ಲಿ ಆರು ಗಂಟೆ. ಕಿಟಕಿಯಿಂದ ಅತ್ತೆಯ ಬೆನ್ನು ಕಾಣುತ್ತಿತ್ತು, ಅವಳು ಬಗ್ಗಿ ಟೇಪನ್ನು ಮೇಲಕ್ಕೆಳೆಯುತ್ತಿದ್ದಳು. ನಾನು ಹೊದಿಕೆಯೊಳಗೇ ಎದ್ದು ಕೂತೆ. ಹೊರಗೆ ಹೋಗಿ ಅವಳ ಪಕ್ಕ ನಿಲ್ಲುವ ಧೈರ್ಯ ನನಗೆ ಬರಲಿಲ್ಲ.